ಪಿ.ಓ. ಬಾಕ್ಸಿಗೆ ಹೋದ ಧನ್ಯವಾದ

ದೋಹಾದಲ್ಲಿ ನಾನು ಏಳು ವರ್ಷ ಒಂದು ಯುರೋಪಿಯನ್ ದೇಶದ ರಾಯಭಾರ ಕಚೇರಿಯಲ್ಲಿ ಟೈಪಿಸ್ಟಳಾಗಿದ್ದೆ. ಕಾಗದದಲ್ಲಿ ಹುದ್ದೆಯ ಹೆಸರು ಸೆಕ್ರೆಟರಿ, ಮಾಡುತ್ತಿದ್ದದ್ದು ಟೈಪಿಂಗ್. ಯಾವ ದೇಶವೆಂದು ಹೇಳುವುದಿಲ್ಲ. ಹೇಳಿದರೆ ಉಳಿದ ದೇಶದವರೆಲ್ಲ ತಾವು ಒಳ್ಳೆಯವರೆಂದು ತಿಳಿದುಕೊಂಡಾರು. ಕಚೇರಿ ವೆಸ್ಟ್ ಬೇಯ ಒಂದು ಟವರಿನ ಹದಿನಾಲ್ಕನೆಯ ಮಹಡಿಯಲ್ಲಿತ್ತು. ಕಿಟಕಿಯಿಂದ ನೋಡಿದರೆ ಹತ್ತಿರದಲ್ಲಿ ಕ್ರೇನುಗಳು, ಕ್ರೇನುಗಳ ಬುಡದಲ್ಲಿ ನೀಲಿ ಅಂಗಿಯ ಕೂಲಿಯವರು, ಅದರಾಚೆ ಸಮುದ್ರ ಕಾಣುತ್ತಿತ್ತು. ನಮ್ಮ ಕಚೇರಿಯ ದೊಡ್ಡವರು ಸಮುದ್ರವನ್ನಷ್ಟೇ ನೋಡುತ್ತಿದ್ದರು.

ನಾನು ಟೈಪ್ ಮಾಡುತ್ತಿದ್ದದ್ದು ಲೇಬರ್ ಅಟ್ಯಾಶೆಗೆ, ಅಂದರೆ ಕಾರ್ಮಿಕರ ವಿಷಯ ನೋಡಿಕೊಳ್ಳಲು ನೇಮಕವಾದ ರಾಜತಾಂತ್ರಿಕನಿಗೆ. ಕತಾರಿನಲ್ಲಿ ವಿದೇಶಿ ಕಾರ್ಮಿಕನಿಗೆ ಸಂಘ ಕಟ್ಟುವ ಹಕ್ಕಿರಲಿಲ್ಲ. ಕಾರ್ಮಿಕರೆಲ್ಲ ವಿದೇಶಿಗಳೇ. ಅಂಥ ಊರಿನಲ್ಲಿ ಲೇಬರ್ ಅಟ್ಯಾಶೆಗೆ ಎಷ್ಟು ಕೆಲಸ ಇದ್ದೀತು? ಮೀನು ತಿನ್ನದವರ ಕೇರಿಗೆ ಬುಟ್ಟಿ ಹೊತ್ತು ಹೋದ ಮೀನಿನವಳಿಗೆ ಇರುವಷ್ಟು. ಮೀನಿನವಳಾದರೆ ಮಧ್ಯಾಹ್ನದೊಳಗೆ ಬೇರೆ ಕೇರಿ ಹುಡುಕಿಕೊಳ್ಳುತ್ತಾಳೆ. ಈತ ನಾಲ್ಕು ವರ್ಷ ಎ.ಸಿ.ಯಲ್ಲಿ ಕೂತು ಟರ್ಕಿಯ ಕಾರ್ಮಿಕ ಚಳವಳಿಯ ಬಗ್ಗೆ ವರದಿ ಬರೆದ.

ಟರ್ಕಿ ಯಾಕೆಂದರೆ ಆತ ಹಿಂದೆ ಅಂಕಾರಾದಲ್ಲಿದ್ದ. ಆತನ ಪ್ರತಿ ಮಾತೂ 'ನಾನು ಅಂಕಾರಾದಲ್ಲಿದ್ದಾಗ' ಎಂದು ಶುರುವಾಗುತ್ತಿತ್ತು. ಊಟಕ್ಕೆ ಮೊಸರು ಬಂದರೂ ಅಂಕಾರಾ, ಲಿಫ್ಟು ಕೆಟ್ಟರೂ ಅಂಕಾರಾ. ಗೋಡೆಯ ಮೇಲೆ ಒಂದು ದೊಡ್ಡ ಚಾರ್ಟು ತೂಗು ಹಾಕಿಸಿದ್ದ. ಅದರಲ್ಲಿ ಟರ್ಕಿಯ ಕಾರ್ಮಿಕ ಒಕ್ಕೂಟಗಳು, ಅವುಗಳ ಕೆಳಗೆ ಸಂಘಗಳು, ಸಂಘಗಳ ಕೆಳಗೆ ಮುಖಂಡರ ಹೆಸರುಗಳು. ಎಡಕ್ಕೆ ವಾಲಿದವನಿಗೆ ಕೆಂಪು ಗುಂಡುಸೂಜಿ, ಸರ್ಕಾರಕ್ಕೆ ವಾಲಿದವನಿಗೆ ನೀಲಿ, ಮಸೀದಿಗೆ ವಾಲಿದವನಿಗೆ ಹಸಿರು. ಯಾರು ಯಾರ ಮಾವ, ಯಾರಿಗೆ ಯಾರ ಜೊತೆ ಮಾತಿಲ್ಲ, ಎಲ್ಲ ಆತನಿಗೆ ಬಾಯಿಪಾಠ ಇತ್ತು. ದಿನಕ್ಕೆ ನಾಲ್ಕು ಸಲ ಆತನ ಮೇಜಿಗೆ ಚಹಾ ತಂದಿಡುತ್ತಿದ್ದ ಮಲಯಾಳಿ, ಐವತ್ತು ದಾಟಿದವನು, ಅವನ ಹೆಸರು ಮಾತ್ರ ಕೊನೆಯವರೆಗೂ ಆತನಿಗೆ ಗೊತ್ತಾಗಲಿಲ್ಲ.

ಒಂದು ಸಲ ನಾವು ಕೆಳಗಿನ ಸಿಬ್ಬಂದಿ, ಡ್ರೈವರುಗಳು, ಚಹಾದವನು, ಟೈಪಿಸ್ಟರು ಎಲ್ಲ ಸೇರಿ ಒಂದು ಅರ್ಜಿ ಬರೆದೆವು. ಶುಕ್ರವಾರ ಕೆಲಸಕ್ಕೆ ಕರೆದರೆ ಬದಲಿಗೆ ಒಂದು ದಿನ ರಜೆ ಕೊಡಬೇಕು, ಇಷ್ಟೇ. ಕಾರ್ಮಿಕರ ವಿಷಯ ಅಲ್ಲವೇ ಎಂದು ನಾನೇ ಅದನ್ನು ಅಟ್ಯಾಶೆಯ ಮುಂದಿಟ್ಟೆ. ಆತ ಪೂರ್ತಿ ಓದಿದ, ಚೆನ್ನಾಗಿ ಬರೆದಿದ್ದೀರಿ ಎಂದ, ಆಮೇಲೆ ಇದು ಅಡ್ಮಿನಿಸ್ಟ್ರೇಷನ್ನಿಗೆ ಸೇರಿದ್ದು, ತನ್ನ ವಿಷಯ ಕಾರ್ಮಿಕ ಚಳವಳಿ ಎಂದು ವಾಪಸು ಕೊಟ್ಟ. ತಮಾಷೆಗಲ್ಲ, ನಿಜಕ್ಕೂ ಹಾಗೆ ನಂಬಿದ್ದ. ಅರ್ಜಿಯನ್ನು ನಾನು ಅಡ್ಮಿನಿಸ್ಟ್ರೇಷನ್ನಿಗೆ ಕೊಟ್ಟೆ, ಅದು ಅಲ್ಲಿಯೇ ತಣ್ಣಗಾಯಿತು.

ಈಗ ನನ್ನ ಗಂಡನ ವಿಷಯ. ಅವರು ಒಂದು ಟರ್ಕಿಶ್ ಕಾಂಟ್ರಾಕ್ಟ್ ಕಂಪನಿಯಲ್ಲಿ ಗುಮಾಸ್ತರು. ದೋಹಾದಲ್ಲಿ ಏಷ್ಯನ್ ಗೇಮ್ಸ್ ಮುಗಿದ ಮರುವರ್ಷ, 2007ರಲ್ಲಿ, ಆ ಕಂಪನಿಗೆ ಲುಸೈಲ್ ಕಡೆ ರಸ್ತೆ, ಚರಂಡಿಯ ಕೆಲಸ ಸಿಕ್ಕಿತ್ತು. ಲುಸೈಲ್ ಆಗ ಬರೀ ಮರಳು ಮತ್ತು ಬೋರ್ಡು. ಮರಳಿನ ನಡುವೆ ಇದ್ದ ತಗಡಿನ ಆಫೀಸಿನಲ್ಲಿ ನನ್ನ ಗಂಡನ ಕೆಲಸ ಒಳಬರುವ ಟಪಾಲು ನೋಡುವುದು. ಕತಾರಿನಲ್ಲಿ ಮನೆ ಬಾಗಿಲಿಗೆ ಅಂಚೆಯವನು ಬರುವುದಿಲ್ಲ. ಯಾರಿಗೆ ಕಾಗದ ಬಂದರೂ ಪಿ.ಓ. ಬಾಕ್ಸಿಗೇ ಬರಬೇಕು, ಕಾರ್ಮಿಕನ ಬಾಕ್ಸು ಎಂದರೆ ಕಂಪನಿಯ ಬಾಕ್ಸು. ಡ್ರೈವರು ಬೆಳಿಗ್ಗೆ ಚೀಲ ತಂದು ಸುರಿಯುತ್ತಿದ್ದ. ನನ್ನ ಗಂಡ ಮೊದಲು ಎಲ್ಲ ಲಕೋಟೆಗಳಿಗೂ 'ಸ್ವೀಕರಿಸಲಾಗಿದೆ' ಎಂಬ ಸೀಲು ಒತ್ತಿ, ನಂಬರು ಹಾಕಿ, ಇನ್‌ವರ್ಡ್ ರಿಜಿಸ್ಟರಿನಲ್ಲಿ ಬರೆದು, ಆಮೇಲೆ ಒಂದೊಂದೇ ಒಡೆಯುತ್ತಿದ್ದರು. ಕೈಬರಹದ ವಿಳಾಸ, ಊರಿನ ಸ್ಟಾಂಪು ಇದ್ದರೆ ಒಡೆಯದೆ ಆಸಾಮಿಗೆ ಕೊಡುವುದು. ಟೈಪ್ ಮಾಡಿದ್ದು, ಮುದ್ರೆ ಇದ್ದದ್ದು ಆದರೆ ಒಡೆದು ಸಂಬಂಧಪಟ್ಟ ಮ್ಯಾನೇಜರಿಗೆ. ಹನ್ನೊಂದು ವರ್ಷದಲ್ಲಿ ಒಂದು ನಂಬರೂ ತಪ್ಪಿಲ್ಲ ಎಂದು ಅವರಿಗೆ ಹೆಮ್ಮೆ. ಪೂಜೆ ಮುಗಿದ ಮೇಲೆ ಮಂಗಳೂರು, ಉಡುಪಿಯ ನಮ್ಮವರು ಸೇರಿದಲ್ಲೆಲ್ಲ ಇದನ್ನು ಹೇಳುತ್ತಿದ್ದರು, ಕೇಳಿದವರು ತಲೆದೂಗುತ್ತಿದ್ದರು. ನಮ್ಮ ಕರಾವಳಿಯ ಗುಮಾಸ್ತರಿಗೆ ರಿಜಿಸ್ಟರ್ ಎಂದರೆ ಅಷ್ಟು ಭಕ್ತಿ. ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ತಗಡಿನ ಆಫೀಸಿಗೆ ವಾರಕ್ಕೊಮ್ಮೆ ಒಬ್ಬ ಟರ್ಕಿಯ ಫೋರ್‌ಮನ್ ಬರುತ್ತಿದ್ದ. ಕಾಂಕ್ರೀಟಿಗೆ ಹಲಗೆ ಕಟ್ಟುವ ಬಡಗಿಗಳ ಮೇಸ್ತ್ರಿ. ಐವತ್ತೊಂದೋ ಐವತ್ತೆರಡೋ ವಯಸ್ಸು, ಬಿಳಿ ಮೀಸೆ, ಎಡಗೈಯ ಒಂದು ಬೆರಳು ಅರ್ಧ. ಊರಿನಿಂದ ಕಾಗದ ಬಂದಿದೆಯೇ ಎಂದು ಕೇಳುವುದು, ಬಂದಿರದಿದ್ದರೂ ಕೂತು ಒಂದು ಚಹಾ ಕುಡಿಯುವುದು. ಸೈಟಿನ ಒಡಕು ಇಂಗ್ಲಿಷಿನಲ್ಲಿ, ನಡುನಡುವೆ ಹಿಂದಿ ಅರಬ್ಬಿ ಸೇರಿಸಿ, ಅವನು ನನ್ನ ಗಂಡನಿಗೆ ತನ್ನ ಕತೆ ಹೇಳಿದ್ದ. ಹುಡುಗನಾಗಿದ್ದಾಗ ಅವನು ಇಸ್ತಾಂಬುಲಿನ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದನಂತೆ. ಸಂಘದಲ್ಲಿದ್ದ, ಮುಷ್ಕರದಲ್ಲಿದ್ದ. ಮಿಲಿಟರಿಯವರು ಅಧಿಕಾರಕ್ಕೆ ಬಂದು ಸಂಘ ಮುಚ್ಚಿಸಿದಾಗ ಒಳಗೆ ಹೋಗಿ ಬಂದ. ಆಮೇಲೆ ಯಾವ ಮುದ್ರಣಾಲಯವೂ ಕೆಲಸ ಕೊಡಲಿಲ್ಲ. ಬಡಗಿ ಕೆಲಸ ಕಲಿತು ಲಿಬಿಯಾ, ರಿಯಾದ್ ಸುತ್ತಿ ಇಲ್ಲಿಗೆ ಬಂದಿದ್ದ. ಈ ಕಂಪನಿಗೆ ಸೇರುವಾಗ ಫಾರ್ಮಿನಲ್ಲಿ ಹಳೆಯ ಸಂಘದ ವಿಷಯ ಬರೆದಿರಲಿಲ್ಲ. ಇನ್ನು ಒಂದೂವರೆ ವರ್ಷ ಇದೇ ಕಂಪನಿಯಲ್ಲಿ ನಿಂತರೆ ಅವನ ದೇಶದ ಲೆಕ್ಕದಲ್ಲಿ ಪೆನ್ಶನ್ನಿಗೆ ಬೇಕಾದ ದಿನಗಳು ಪೂರ್ತಿಯಾಗುತ್ತಿದ್ದವು. ಆ ವಯಸ್ಸಿಗೆ ಇನ್ನೊಂದು ಕಡೆ ಕೆಲಸ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ನನ್ನ ಗಂಡನ ಹತ್ತಿರ ಬಾಯಿ ಬಿಟ್ಟು ಹೇಳಿದ್ದ.

ನನ್ನ ಗಂಡ ಅದನ್ನು ಮನೆಗೆ ತಂದರು. ನಾನು ಕಚೇರಿಗೆ ಒಯ್ದೆ. ಯಾಕೆ ಒಯ್ದೆ ಎಂದರೆ ನಾಲಿಗೆ ತುರಿಸಿತು, ಅಷ್ಟೇ. ಆ ವಾರ ಅಟ್ಯಾಶೆಯ ಮುಖ ಊದಿಕೊಂಡಿತ್ತು. ಅಂಕಾರಾದಲ್ಲಿ ಆತನ ಜಾಗಕ್ಕೆ ಬಂದವನ ವರದಿಯನ್ನು ರಾಜಧಾನಿಯಲ್ಲಿ ಯಾರೋ ಹೊಗಳಿದ್ದರಂತೆ. ತಾನಿಲ್ಲಿ ಮರಳಿನಲ್ಲಿ ಹೂತುಹೋಗಿದ್ದೇನೆ ಎಂದು ಗೊಣಗುತ್ತಿದ್ದ. ಮರಳಿನಲ್ಲೂ ಒಬ್ಬ ಇದ್ದಾನೆ ಎಂದು ನಾನು ಹೇಳಿಬಿಟ್ಟೆ. ಆತ ಮೊದಲ ಬಾರಿ ನನ್ನ ಕಡೆ ಮುಖ ತಿರುಗಿಸಿ ಕೂತು ಮಾತು ಕೇಳಿದ. ಎರಡೂವರೆ ವರ್ಷದಲ್ಲಿ ಮೊದಲ ಬಾರಿ. ಆ ಐದು ನಿಮಿಷದ ಸುಖಕ್ಕೆ ನಾನು ಏನೇನು ಹೇಳಿದೆನೆಂದು ನೆನೆದರೆ ಈಗಲೂ ನನ್ನ ಬಗ್ಗೆ ನನಗೆ ಅಸಹ್ಯವಾಗುತ್ತದೆ.

ಅವನನ್ನು ಕರೆಸಿ ಎಂದ ಅಟ್ಯಾಶೆ. ಫೋರ್‌ಮನ್ ಬರುವುದಿಲ್ಲ ಎಂದ. ಮೂರು ಸಲ ನನ್ನ ಗಂಡನ ಮೂಲಕ ಹೇಳಿ ಕಳಿಸಿದೆ, ಮೂರು ಸಲವೂ ಇಲ್ಲ ಎಂದ. ಆಗ ನಾನು ನಮ್ಮೂರಿನ ಹೆಂಗಸರ ಉಪಾಯ ಮಾಡಿದೆ. ಅಲ್ ರಯ್ಯಾನಿನಲ್ಲಿ ಒಂದು ಹಳೆಯ ವಿಲ್ಲಾವನ್ನು ಗೋಡೆ ಕಟ್ಟಿ ಆರು ಮನೆ ಮಾಡಿದ್ದರು, ಅದರಲ್ಲೊಂದು ನಮ್ಮದು. ಒಂದು ಶುಕ್ರವಾರ ಅವನನ್ನು ಅಲ್ಲಿಗೆ ಊಟಕ್ಕೆ ಕರೆದೆವು. ಅಂಜಲ್ ಮೀನು ಹುರಿದೆ, ತೆಂಗಿನಹಾಲು ಹಾಕಿ ಕೋಳಿ ಸಾರು ಮಾಡಿದೆ. ಅವನು ತಲೆ ಬಗ್ಗಿಸಿ ಊಟ ಮಾಡಿದ. ಎಷ್ಟೋ ವರ್ಷದಿಂದ ಒಂದು ಮನೆಯೊಳಗೆ ಕೂತು ಉಂಡಿರಲಿಲ್ಲ ಎಂದ. ಮಕ್ಕಳು ಅವನ ಅರ್ಧ ಬೆರಳನ್ನು ಮುಟ್ಟಿ ನೋಡಿದರು. ತಟ್ಟೆ ತೆಗೆಯುತ್ತ ನಾನು ಮಾತು ತೆಗೆದೆ: ಒಂದು ಚಹಾ, ಒಂದು ಗಂಟೆ, ನಿಮ್ಮ ಹೆಸರು ಯಾವ ಕಾಗದದಲ್ಲೂ ಬರುವುದಿಲ್ಲ, ನಾನೇ ಟೈಪ್ ಮಾಡುವವಳು, ನನ್ನ ಮಾತು ನಂಬಿ. ಅವನು ನನ್ನ ಮುಖ ನೋಡಿದ, ಖಾಲಿ ತಟ್ಟೆ ನೋಡಿದ, ಆಯಿತು ಎಂದ. ನನ್ನ ಮಾತಿಗಲ್ಲ, ಉಂಡ ಅನ್ನಕ್ಕೆ ಒಪ್ಪಿದ್ದು. ಅದು ನನಗೆ ಆಗಲೇ ಗೊತ್ತಿತ್ತು.

ಮುಂದಿನ ವಾರ ವೆಸ್ಟ್ ಬೇಯ ಒಂದು ಹೋಟೆಲಿನಲ್ಲಿ ಭೇಟಿಯಾಯಿತು. ಚಹಾ ಎಂದದ್ದು ಊಟವಾಗಿತ್ತು. ಟಿಪ್ಪಣಿ ಮಾಡಿಕೊಳ್ಳಲು ನನ್ನನ್ನೂ ಕೂರಿಸಿದರು. ಫೋರ್‌ಮನ್ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ಅಟ್ಯಾಶೆ ತನ್ನ ಟರ್ಕಿಶ್ ಬಿಚ್ಚಿದ. ಫೋರ್‌ಮನ್ ವಿನಯದಿಂದ ಒಡಕು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ, ಆ ಟರ್ಕಿಶ್ ಅರ್ಥವಾಗಲಿಲ್ಲವೆಂದು ನಾನು ತಿಳಿದೆ. ಒಕ್ಕೂಟದ ಈಗಿನ ಪ್ರಧಾನ ಕಾರ್ಯದರ್ಶಿ ಯಾರ ಮಾತು ಕೇಳುತ್ತಾನೆ, ಮುಂದಿನ ಸಮ್ಮೇಳನದಲ್ಲಿ ಯಾವ ಗುಂಪು ಗೆಲ್ಲುತ್ತದೆ, ಇಂಥವನಿಗೆ ಇಂಥ ಪಕ್ಷದ ನಂಟು ಉಂಟೇ, ಇವು ಪ್ರಶ್ನೆಗಳು. ಆ ಮನುಷ್ಯ ಸಂಘದ ಬಾಗಿಲು ಮುಚ್ಚಿದ್ದನ್ನು ನೋಡಿದ ಮೇಲೆ ಇನ್ನೊಂದು ಸಂಘದ ಬಾಗಿಲು ನೋಡಿರಲಿಲ್ಲ.

ಅವನಿಗೆ ಹೇಳಬೇಕೆಂದಿದ್ದದ್ದು ಬೇರೆ. ಮುಷ್ಕರದ ದಿನಗಳಲ್ಲಿ ಮುದ್ರಣಾಲಯದ ಗೇಟಿನ ಹೊರಗೆ ಹಾಕಿದ್ದ ಡೇರೆಯ ಬಗ್ಗೆ ಶುರು ಮಾಡಿದ. ಅಲ್ಲಿ ಒಂದೇ ಹಂಡೆಯಲ್ಲಿ ಅಡುಗೆ, ಯಾರ ಮನೆಯಲ್ಲಿ ಏನಿದೆಯೋ ಅದು ಹಂಡೆಗೆ. ಮಾಲೀಕನ ಕಾರಿನ ಡ್ರೈವರು ಒಂದು ದಿನ ಕಾರು ನಿಲ್ಲಿಸಿ ಇಳಿದು ಬಂದು ಹಂಡೆಯ ಪಕ್ಕ ಕೂತನಂತೆ. ಇದನ್ನು ಹೇಳುವಾಗ ಅವನ ಮುಖ ಬೆಳಗಿತು. ಅಟ್ಯಾಶೆ ವಾಚು ನೋಡಿದ. ಡ್ರೈವರ್ ಇರಲಿ, ಆಗಿನ ಕಾರ್ಯಕಾರಿ ಸಮಿತಿಯಲ್ಲಿ ಯಾರಿದ್ದರು ಎಂದ. ಫೋರ್‌ಮನ್ ಡೇರೆಯ ಕತೆ ಅಲ್ಲಿಗೇ ಬಿಟ್ಟ. ಉಣ್ಣಿಸಿದವರಿಗೆ ಬರಿಗೈ ತೋರಿಸಬಾರದೆಂದು ನೆನಪಿದ್ದ ಹೆಸರುಗಳನ್ನು ಹೇಳಿದ. ಅವರಲ್ಲಿ ಹೆಚ್ಚಿನವರು ಸತ್ತಿದ್ದರು, ಅದನ್ನೂ ಹೇಳಿದ. ಅಟ್ಯಾಶೆ ಹೆಸರುಗಳನ್ನು ಬರೆದುಕೊಂಡ, ಸತ್ತದ್ದನ್ನು ಬರೆದುಕೊಳ್ಳಲಿಲ್ಲ.

ಮರುದಿನ ವರದಿ ಟೈಪ್ ಮಾಡಿದೆ. 'ಚಳವಳಿಯೊಳಗೆ ಮೇಲಿನ ಮಟ್ಟದ ಸಂಪರ್ಕವಿರುವ ಮೂಲವೊಂದು ತಿಳಿಸಿದಂತೆ' ಎಂದು ಮೊದಲ ವಾಕ್ಯ. ಆ ಮೂಲ ಲೇಬರ್ ಕ್ಯಾಂಪಿನಲ್ಲಿ ಎಂಟು ಜನರ ಕೋಣೆಯಲ್ಲಿ ಮಲಗುತ್ತಿತ್ತು. ವರದಿಯಲ್ಲಿ ಹೆಸರು ಬರಲಿಲ್ಲ, ನಾನು ಎರಡೆರಡು ಸಲ ನೋಡಿದೆ. ಕೊಟ್ಟ ಮಾತು ಉಳಿಯಿತು ಎಂದು ನೆಮ್ಮದಿಯಾಗಿ ಡಬ್ಬಿ ಬಿಚ್ಚಿ ಊಟ ಮಾಡಿದೆ.

ಸಂಜೆ ಆತ ಧನ್ಯವಾದ ಪತ್ರ ಹೇಳಿ ಬರೆಸಿದ. ಇದು ಆ ಕಚೇರಿಯ ಪದ್ಧತಿ. ಯಾರ ಜೊತೆ ಊಟ ಮಾಡಿದರೂ ಎರಡು ದಿನದೊಳಗೆ ಮುದ್ರೆಯಿರುವ ದಪ್ಪ ಕಾಗದದಲ್ಲಿ ಧನ್ಯವಾದ ಹೋಗಲೇಬೇಕು. ಇ-ಮೇಲ್ ನಡೆಯುವುದಿಲ್ಲ, ಅದು ಮರ್ಯಾದೆಯಲ್ಲ. ಶೇಖ್ ಆಗಲಿ ಬಡಗಿಯಾಗಲಿ ತನಗೆ ಎಲ್ಲರೂ ಒಂದೇ ಎಂದು ಆತ ಹೇಳಿಕೊಳ್ಳುತ್ತಿದ್ದ. 'ನಿಮ್ಮ ದೇಶದ ಕಾರ್ಮಿಕ ಸಂಘಟನೆಗಳ ಕುರಿತು ತಾವು ಮುಕ್ತ ಮನಸ್ಸಿನಿಂದ ಹಂಚಿಕೊಂಡ ಒಳನೋಟಗಳಿಗೆ, ಮತ್ತು ಸಂಘಟನೆಯಲ್ಲಿ ತಮ್ಮ ದೀರ್ಘ ಅನುಭವಕ್ಕೆ' ಎಂದು ಪತ್ರ. ಮೇಲೆ ಅವನ ಪೂರ್ತಿ ಹೆಸರು, ಕೆಳಗೆ ಕಂಪನಿಯಲ್ಲಿ ನೌಕರರ ವಿಷಯ ನೋಡುವ ಪರ್ಸನೆಲ್ ಮ್ಯಾನೇಜರರ ಮೂಲಕ ಎಂದು ಪಿ.ಓ. ಬಾಕ್ಸಿನ ವಿಳಾಸ.

ನಾನು ಕೈ ನಿಲ್ಲಿಸಿದೆ. ಅಂಚೆಗೆ ಹಾಕುವುದು ಬೇಡ, ನನ್ನ ಗಂಡನ ಕೈಯಲ್ಲಿ ಕಳಿಸುತ್ತೇನೆ, ಅಲ್ಲಿ ಕಾಗದ ಒಡೆಯುತ್ತಾರೆ ಎಂದೆ. ಆತ ನಕ್ಕ. ಇನ್ನೊಬ್ಬರ ಹೆಸರಿನ ಲಕೋಟೆ ಒಡೆಯುವುದು ಅಪರಾಧ ಎಂದು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದ. ಆತನ ದೇಶದಲ್ಲಿ ಇದ್ದೀತು. ಇಲ್ಲಿ ಆ ಅಪರಾಧ ಮಾಡುವುದೇ ನನ್ನ ಗಂಡನ ಉದ್ಯೋಗ, ಅದಕ್ಕೆ ಮೂರು ಬಣ್ಣದ ಸೀಲುಗಳಿವೆ ಎಂದು ಹೇಳಬೇಕಿತ್ತು. ಇನ್ನೊಂದು ಸಲ ಎದುರು ಹೇಳಿದರೆ ಇನ್ನೂ ನಿಧಾನವಾಗಿ ಹೇಳುತ್ತಾನೆ ಎಂಬುದು ಗೊತ್ತಿತ್ತು, ಅದನ್ನು ಕೇಳುವ ಸಹನೆ ನನಗಿರಲಿಲ್ಲ. ಗಂಡನಿಗೆ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡೆ. ಟೈಪ್ ಮುಗಿಸಿದೆ. ಪದ್ಧತಿಯಂತೆ ಎಡಗಡೆ ಕೊನೆಯ ಸಾಲಿನಲ್ಲಿ ಬರೆಸಿದವನ ಇನಿಷಿಯಲ್, ಗೆರೆ, ಬರೆದವಳ ಇನಿಷಿಯಲ್ ಸಣ್ಣ ಅಕ್ಷರದಲ್ಲಿ ಹಾಕಿದೆ. ಆ ವಾರ ಮಗಳ ಪರೀಕ್ಷೆ, ಮಗನಿಗೆ ಜ್ವರ. ಫೋನ್ ಮಾಡುವುದು ಮರೆತೇಹೋಯಿತು.

ಐದನೆಯ ದಿನ ನನ್ನ ಗಂಡ ಕೆಲಸದಿಂದ ಬಂದವರು ಚಪ್ಪಲಿ ಬಿಡದೆ ನಿಂತರು. ನಮ್ಮ ಮನೆಮಾತು ಕೊಂಕಣಿ. ಜಗಳ ಮಾತ್ರ ಕನ್ನಡದಲ್ಲಿ, ಯಾಕೆಂದರೆ ಇಂಗ್ಲಿಷ್ ಶಾಲೆಯ ನಮ್ಮ ಮಕ್ಕಳಿಗೆ ಕೊಂಕಣಿ ತಿಳಿಯುತ್ತದೆ, ಕನ್ನಡ ಅಷ್ಟು ಹಿಡಿಯುವುದಿಲ್ಲ. ಅವರು ಕನ್ನಡದಲ್ಲಿ ಶುರು ಮಾಡಿದಾಗಲೇ ನನಗೆ ತಿಳಿಯಿತು.

"ನೀನು ಎಂಥ ಲೆಟರ್ ಕಳ್ಸಿದ್ದು ಮಾರಾಯ್ತಿ? ಪರ್ಸನೆಲ್ ಮ್ಯಾನೇಜರ್ ಅವನನ್ನು ಕರೆಸಿ ಆಯ್ತು. ವೀಸಾ ಕ್ಯಾನ್ಸಲ್ ಮಾಡ್ತಾರಂತೆ."

ಆ ಕಾಗದ ಒಡೆದವರು ಯಾರು ಎಂದು ಕೇಳಿದೆ. ತಾನೇ ಎಂದರು. ಒಡೆದು ಓದಿದ ಕೂಡಲೇ ವಿಷಯ ಗೊತ್ತಾಯಿತಂತೆ, ಕೆಳಗೆ ನನ್ನ ಇನಿಷಿಯಲ್ ಕೂಡ ಕಂಡಿತಂತೆ. ಕಾಲು ಗಂಟೆ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದರಂತೆ. ಹಾಗಾದರೆ ಕಿಸೆಗೆ ಹಾಕಿಕೊಂಡು ಬರಬಾರದಿತ್ತೇ ಎಂದೆ.

"ನಂಬರ್ ಹಾಕಿ ಆಗಿತ್ತು" ಎಂದರು. "ರಿಜಿಸ್ಟರಲ್ಲಿ ಎಂಟ್ರಿ ಉಂಟು. ಕಾಗದ ಇಲ್ಲದಿದ್ರೆ ನಾಳೆ ಎಂತ ಹೇಳುದು?"

ಹನ್ನೊಂದು ವರ್ಷ ಒಂದೂ ನಂಬರು ತಪ್ಪಿಸದ ಮನುಷ್ಯ ಆ ದಿನವೂ ತಪ್ಪಿಸಲಿಲ್ಲ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ರಿಜಿಸ್ಟರನ್ನು ಕಟ್ಟಿಕೊಂಡು ಮಲಗಿ ಎಂದೆ. ನಿಮ್ಮ ಸೀಲನ್ನು ಹಣೆಗೆ ಒತ್ತಿಕೊಳ್ಳಿ ಎಂದೆ. ಅವರು ಎಲ್ಲ ಕೇಳಿ ಆದ ಮೇಲೆ ಚಪ್ಪಲಿ ಬಿಟ್ಟು ಮೂಲೆಯಲ್ಲಿ ಸರಿಯಾಗಿ ಜೋಡಿಸಿ, "ನಾನು ಸೀಲ್ ಹಾಕಿದ್ದು ಮಾತ್ರ. ಟೈಪ್ ಮಾಡಿದ್ದು ನೀನು" ಎಂದರು. ಮಗಳು ಕೋಣೆಯ ಬಾಗಿಲಿಗೆ ಬಂದು ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು.

ಎರಡು ದಿನದ ಮೇಲೆ ಫೋರ್‌ಮನ್ ನಮ್ಮ ಕಚೇರಿಗೆ ಬಂದ. ಅದೇ ಇಸ್ತ್ರಿಯ ಅಂಗಿ. ಕಂಪನಿಯವರು ಅವನ ಮೇಲೆ ಕ್ಯಾಂಪಿನಲ್ಲಿ ಸಂಘ ಕಟ್ಟುವ ಅನುಮಾನ ಹೊರಿಸಿದ್ದರು. ವಿದೇಶಿ ರಾಯಭಾರ ಕಚೇರಿಯೊಂದು ಬಡಗಿಗೆ ಮುದ್ರೆಯ ಕಾಗದದಲ್ಲಿ ಧನ್ಯವಾದ ಹೇಳುವುದೆಂದರೆ ಬೇರೆ ಏನು ಅರ್ಥ ಎಂದು ಅವರ ವಾದ. ಹಾಗೆ ನೋಡಿದರೆ ಅದು ಬುದ್ಧಿವಂತರ ವಾದವೇ. ಇದೊಂದು ಪದ್ಧತಿ, ಇದಕ್ಕೆ ಅರ್ಥವೇ ಇಲ್ಲ ಎಂದು ಯಾರಿಗೆ ತಾನೆ ಹೊಳೆಯಬೇಕು? ಫೋರ್‌ಮನ್ ಬೇಡಿದ್ದು ಒಂದೇ ಕಾಗದ: ಅದು ಬರೀ ಸ್ನೇಹದ ಊಟ, ಬೇರೆ ಯಾವ ಸಂಬಂಧವೂ ಇಲ್ಲ ಎಂದು ಎರಡು ಸಾಲು. ಅದಿದ್ದರೆ ಮ್ಯಾನೇಜರು ಇನ್ನೊಮ್ಮೆ ಯೋಚಿಸುತ್ತೇನೆ ಎಂದಿದ್ದರು. ನಾಲ್ಕು ದಿನ ಸಮಯವಿತ್ತು.

ನಾನು ಆ ಎರಡು ಸಾಲು ಟೈಪ್ ಮಾಡಿಕೊಂಡೇ ಅಟ್ಯಾಶೆಯ ಕೋಣೆಗೆ ಹೋದೆ. ಆತ ಕುರ್ಚಿಯ ಮೇಲೆ ನಿಂತು ಚಾರ್ಟಿನಲ್ಲಿ ಒಂದು ಗುಂಡುಸೂಜಿ ಕೆಂಪಿನಿಂದ ನೀಲಿಗೆ ಬದಲಿಸುತ್ತಿದ್ದ. ಕೆಳಗಿಳಿದು ಕಾಗದ ಓದಿದ. ಪಾಪ ಎಂದ. ಆದರೆ ಇದು ಖಾಸಗಿ ಕಂಪನಿ ಮತ್ತು ಅದರ ನೌಕರನ ನಡುವಿನ ವಿಷಯ, ರಾಯಭಾರ ಕಚೇರಿ ಮೂಗು ತೂರಿಸುವುದು ಆತಿಥೇಯ ದೇಶಕ್ಕೆ ಅಗೌರವ ಎಂದ. ಅವನು ಹೊರಗೆ ಕೂತಿದ್ದಾನೆ, ನೀವೇ ಹೇಳಿ ಎಂದೆ. ತಾನು ಮೀಟಿಂಗಿನಲ್ಲಿದ್ದೇನೆ ಎಂದು ಹೇಳಿ ಎಂದ. ನಾನು ಬಾಗಿಲವರೆಗೆ ಹೋದಾಗ ಹಿಂದೆ ಕರೆದ. ನನಗೆ ಒಂದು ಕ್ಷಣ ಆಸೆಯಾಯಿತು.

ಕರೆದದ್ದು ವರದಿಗೆ ಒಂದು ಪ್ಯಾರಾ ಸೇರಿಸಲು. ಟರ್ಕಿಯ ಸಂಘಟಿತ ಕಾರ್ಮಿಕರ ಮೇಲೆ ವಿದೇಶದಲ್ಲೂ ಎಂಥ ಒತ್ತಡವಿದೆ ಎಂಬುದಕ್ಕೆ ಈ ಘಟನೆ ಒಳ್ಳೆಯ ಉದಾಹರಣೆ ಎಂದು ಹೇಳಿ ಬರೆಸಿದ. ಒತ್ತಡ ಎಲ್ಲಿಂದ ಬಂತು ಎಂಬುದನ್ನು ಬರೆಸಲಿಲ್ಲ. ನಾನು ನಿಂತಲ್ಲೇ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡೆ. ಹೌದು, ಅದನ್ನೂ ಬರೆದುಕೊಂಡೆ. ಈ ಮನುಷ್ಯನನ್ನು ಇಷ್ಟು ತಾತ್ಸಾರದಿಂದ ಬರೆಯುವ ನನ್ನ ಕೈ ಆ ದಿನ ಒಂದು ಗೆರೆಯನ್ನೂ ತಪ್ಪಾಗಿ ಎಳೆಯಲಿಲ್ಲ.

ಹೊರಗೆ ಬಂದು ಫೋರ್‌ಮನ್ನಿಗೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಕಾಗದ ಆಗುವುದಿಲ್ಲ ಎಂದೆ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಕಿಸೆಯಿಂದ ಆ ಧನ್ಯವಾದ ಪತ್ರ ತೆಗೆದ. ನಾಲ್ಕು ಮಡಿಕೆ, ಮೂಲೆಯಲ್ಲಿ ನನ್ನ ಗಂಡನ ನೇರಳೆ ಸೀಲು. ಪರ್ಸನೆಲ್ ಮ್ಯಾನೇಜರು ಪ್ರತಿ ಇಟ್ಟುಕೊಂಡು ಮೂಲವನ್ನು ಅವನಿಗೇ ಕೊಟ್ಟಿದ್ದರು. ಅವನು ಅದನ್ನು ಕೌಂಟರಿನ ಮೇಲೆ ಬಿಡಿಸಿ, ಅರ್ಧ ಬೆರಳನ್ನು ಕೊನೆಯ ಸಾಲಿನ ಸಣ್ಣ ಅಕ್ಷರಗಳ ಮೇಲೆ ಇಟ್ಟು, ಇದು ನೀವಾ ಎಂದು ಕೇಳಿದ. ನಾನು ಹೌದು ಎಂದೆ. ತಾನು ಅಚ್ಚಿನ ಕೆಲಸದವನು, ಕಾಗದ ಕೈಗೆ ಬಂದರೆ ಕೆಳಗಿನ ಸಾಲನ್ನೇ ಮೊದಲು ನೋಡುವುದು ಎಂದ. ಒಡೆಯುತ್ತಾರೆಂದು ನಿಮಗೆ ಗೊತ್ತಿತ್ತೇ ಎಂದ. ಅದಕ್ಕೂ ಹೌದು ಎಂದೆ. ಸಾಹೇಬರು ಹೇಳಿದರು, ನಾನು ಟೈಪಿಸ್ಟ್, ನಾನು ಏನು ಮಾಡಲಿ ಎಂದು ಸೇರಿಸಿದೆ.

ಅವನು ಕಾಗದವನ್ನು ಅದೇ ಮಡಿಕೆಗಳಲ್ಲಿ ಮಡಚಿದ. ಸಿಟ್ಟು ಮಾಡಲಿಲ್ಲ. ಹೋಟೆಲಿನಲ್ಲಿ ಅಟ್ಯಾಶೆಗೆ ಉತ್ತರ ಕೊಟ್ಟ ಅದೇ ವಿನಯದಿಂದ ಹೇಳಿದ.

"ಮೇಡಂ, ನಮ್ಮ ಯೂನಿಯನ್ನಲ್ಲಿ ಟೈಪಿಸ್ಟ್ ಕೂಡ ಮೆಂಬರ್. ಟೈಪಿಸ್ಟ್ ಹೇಳ್ತಾಳೆ ಟೈಪ್ ಇಲ್ಲ. ಟೈಪ್ ಇಲ್ಲ ಅಂದ್ರೆ ಲೆಟರ್ ಮಾಫಿ, ಲೆಟರ್ ಇಲ್ಲ. ಖಲಾಸ್."

ಆಮೇಲೆ ಮಕ್ಕಳಿಗೆ ಸಲಾಂ ಹೇಳಿ ಎಂದ. ಅಂಜಲ್ ಚೆನ್ನಾಗಿತ್ತು ಎಂದ. ಲಿಫ್ಟಿನ ಹತ್ತಿರ ಹೋಗಿ ಯಾವ ಗುಂಡಿ ಒತ್ತಬೇಕೆಂದು ಒಮ್ಮೆ ನೋಡಿ ಒತ್ತಿದ. ಭಾನುವಾರ ಅವನ ವಿಮಾನ ಹೋಯಿತು. ಪೆನ್ಶನ್ನಿನ ಒಂದೂವರೆ ವರ್ಷ ಎಲ್ಲಿ ತುಂಬಿಸಿದನೋ, ತುಂಬಿಸಿದನೋ ಇಲ್ಲವೋ, ನನಗೆ ತಿಳಿಯಲಿಲ್ಲ. ತಿಳಿಯುವ ದಾರಿ ಇತ್ತು, ನನ್ನ ಗಂಡನ ರಿಜಿಸ್ಟರಿನಲ್ಲಿ ಅವನ ಊರಿನ ವಿಳಾಸ ಇತ್ತು. ನಾವು ಬರೆಯಲಿಲ್ಲ.

ನಾಲ್ಕು ವರ್ಷ ಅಟ್ಯಾಶೆ ಟರ್ಕಿಯ ಕಾರ್ಮಿಕ ಚಳವಳಿಯನ್ನು ಹುಡುಕಿದ. ಆ ಚಳವಳಿ ಒಂದು ಬೆಳಿಗ್ಗೆ ತಾನಾಗಿ ಆತನ ಕೌಂಟರಿಗೆ ಬಂದು ಒಂದು ಮಾತು ಹೇಳಿ ಹೋಯಿತು. ಆತ ಹತ್ತು ಹೆಜ್ಜೆ ದೂರದಲ್ಲಿ ಗುಂಡುಸೂಜಿ ಚುಚ್ಚುತ್ತಿದ್ದ. ಆ ಮಾತು ಯಾವ ವರದಿಯಲ್ಲೂ ಇಲ್ಲ, ಯಾಕೆಂದರೆ ಯಾರೂ ನನಗೆ ಅದನ್ನು ಹೇಳಿ ಬರೆಸಲಿಲ್ಲ.

ಆಮೇಲೆ ನಾನು ದೊಡ್ಡ ಧೈರ್ಯವಂತೆಯಾದೆ ಎಂದು ಹೇಳಿಕೊಳ್ಳುವಂತಿಲ್ಲ. ಧನ್ಯವಾದ ಪತ್ರಗಳನ್ನು ಟೈಪ್ ಮಾಡುತ್ತಲೇ ಇದ್ದೆ. ಸಹಿ ಆದ ಮೇಲೆ ಅಂಚೆಗೆ ಹಾಕದೆ ನನ್ನ ಕೆಳಗಿನ ಡ್ರಾಯರಿಗೆ ಹಾಕುತ್ತಿದ್ದೆ, ಅಷ್ಟೇ. ಡ್ರಾಯರು ತುಂಬಿತು. ಧನ್ಯವಾದ ಬರಲಿಲ್ಲವೆಂದು ಒಬ್ಬನಾದರೂ ಫೋನ್ ಮಾಡಲಿಲ್ಲ.

ಒಂದೂವರೆ ವರ್ಷದ ನಂತರ, ಲೆಕ್ಕ ಹಾಕಿದ ಹಾಗೆ ಒಂದೂವರೆ ವರ್ಷಕ್ಕೆ, ಅಟ್ಯಾಶೆಗೆ ವರ್ಗವಾಯಿತು. ಭಡ್ತಿ ಕೊಟ್ಟಿದ್ದರು. ಟರ್ಕಿಯ ಕಾರ್ಮಿಕ ಚಳವಳಿಯ ಬಗ್ಗೆ ಆತನಷ್ಟು ತಿಳಿದವರು ಇಲ್ಲವೆಂದು ಬೀಳ್ಕೊಡುಗೆಯಲ್ಲಿ ರಾಯಭಾರಿಯೇ ಹೇಳಿದರು. ಕೇಕು ತಿಂದಾದ ಮೇಲೆ ಆತ ನನ್ನನ್ನು ಕೋಣೆಗೆ ಕರೆದು ಕೊನೆಯದೊಂದು ಪತ್ರ ಉಂಟು ಎಂದ. ನಾನು ಕಂಪ್ಯೂಟರಿನ ಮುಂದೆ ಕೂತು ಕೀಲಿಮಣೆಯ ಮೇಲೆ ಕೈ ಇಟ್ಟೆ. ಆತ ಹೇಳತೊಡಗಿದ. ಅದು ನನಗೇ ಬರೆಯುತ್ತಿದ್ದ ಧನ್ಯವಾದ ಪತ್ರ. ನನ್ನ ನಿಷ್ಠೆಗೆ, ನನ್ನ ವಿವೇಚನೆಗೆ. ವಿಳಾಸ, ನನ್ನ ಗಂಡನ ಕಂಪನಿಯ ಪಿ.ಓ. ಬಾಕ್ಸು.

"ಟೈಪ್ ಇಲ್ಲ" ಎಂದೆ. ಕನ್ನಡದಲ್ಲೇ ಬಾಯಿಗೆ ಬಂತು. ಆಮೇಲೆ ಆತನ ಭಾಷೆಯಲ್ಲಿ ಹೇಳಿದೆ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ. ಆತ ನನ್ನ ಮುಖ ನೋಡಿದ. ಬೇಸರದಿಂದ ಹೀಗಾಡುತ್ತಿದ್ದೇನೆಂದು ತಿಳಿದ, ತನ್ನನ್ನು ಬಿಟ್ಟಿರಲಾರದ ಬೇಸರ. ನನ್ನ ಭುಜ ತಟ್ಟಿ, ನೀವು ಹೋಗಿ ಕೇಕು ತಿನ್ನಿ ಎಂದ. ನನ್ನ ಜೀವಮಾನದ ಒಂದೇ ಮುಷ್ಕರ ಎರಡು ನಿಮಿಷ ನಡೆಯಿತು, ಯಾರ ಕೂದಲೂ ಕೊಂಕಲಿಲ್ಲ.

ಮುಂದಿನ ವಾರ ನನ್ನ ಗಂಡ ಒಂದು ದಪ್ಪ ಲಕೋಟೆ ಮನೆಗೆ ತಂದರು. ನೇರಳೆ ಸೀಲು ಒತ್ತಿತ್ತು, ನಂಬರು ಬಿದ್ದಿತ್ತು, ಒಡೆದಿತ್ತು. ನಾನು ಕಾಗದ ಬಿಡಿಸಿ ಕೆಳಗಿನ ಸಾಲನ್ನು ಮೊದಲು ನೋಡಿದೆ. ಸಣ್ಣ ಅಕ್ಷರದಲ್ಲಿ ಪಕ್ಕದ ಕೋಣೆಯ ಫಿಲಿಪಿನೋ ಟೈಪಿಸ್ಟಳ ಇನಿಷಿಯಲ್ ಇತ್ತು. ಏಳು ವರ್ಷ ಅವಳ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಿದ್ದೆ. ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ.